ಲೋಕಶಿಕ್ಷಕ ಡಿ. ವಿ. ಜಿ.

ಕೋಲಾರ ಜಿಲ್ಲೆಯ ಪೂರ್ವದ ಅಂಚಿನಲ್ಲಿ ಮುಳಬಾಗಿಲು ಎಂಬ ಊರಿದೆ. ಮೂಡಲ ಬಾಗಿಲು ಎಂಬುದೇ ಜನರ ಬಾಯಲ್ಲಿ ಮುಳಬಾಗಿಲಾಯಿತೆಂದು ಬಲ್ಲವರು ಹೇಳುತ್ತಾರೆ. ಮೈಸೂರು ಸೀಮೆಯಿಂದ ತಿರುಪತಿಯ ಕಡೆಗೆ ಹೊರಟ ಯಾತ್ರಿಕರು ಈ ಬಾಗಿಲನ್ನು ದಾಟಿಯೇ ಮುಂದೆ ಸಾಗುತ್ತಿದ್ದರು. ಕನ್ನಡ, ತೆಲುಗು, ತಮಿಳು ಎಂಬ ಮೂರು ನುಡಿಗಳೂ ಸಂತೆಯಲ್ಲಿ ಒಟ್ಟಿಗೆ ಕಿವಿಗೆ ಬೀಳುವ ಗಡಿನಾಡಿನ ಊರು ಅದು. ಒಂದೇ ವಸ್ತುವಿಗೆ ಮೂರು ಹೆಸರುಗಳುಂಟು ಎಂಬುದನ್ನು ಅಲ್ಲಿನ ಮಕ್ಕಳು ಶಾಲೆಗೆ ಹೋಗುವುದಕ್ಕೆ ಮೊದಲೇ ಕಲಿಯುತ್ತಾರೆ.

ಈ ಊರಿನಲ್ಲಿ 1887ನೆಯ ಇಸವಿ ಮಾರ್ಚ್ 17ರಂದು ಹುಟ್ಟಿದ ಬಾಲಕನೊಬ್ಬನು ಮುಂದೆ ಡಿ. ವಿ. ಜಿ. ಎಂಬ ಮೂರು ಅಕ್ಷರಗಳಿಂದ ನಾಡಿಗೆಲ್ಲ ಪರಿಚಿತನಾದನು. ಮಂಕುತಿಮ್ಮನ ಕಗ್ಗದ ಕವಿಯೆಂದು ಅವರನ್ನು ಅರಿಯದ ಕನ್ನಡಿಗರಿಲ್ಲ. ಆದರೆ ಅವರ ಬಾಳಿಗೆ ಇನ್ನೊಂದು ಮುಖವಿತ್ತು. ದೇಶದ ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಅದರ ಹೊರೆ ಯಾರ ಬೆನ್ನಿನ ಮೇಲೆ ಬೀಳುತ್ತದೆ ಎಂಬುದನ್ನು ಸಾಮಾನ್ಯ ಪ್ರಜೆಯೂ ತಿಳಿದು, ನಾಲ್ಕು ಕಡೆಯಿಂದ ನೋಡಿ, ತನ್ನ ವಿವೇಕದಿಂದ ತೀರ್ಮಾನಿಸಬೇಕು ಎಂಬುದು ಅವರ ಹಂಬಲವಾಗಿತ್ತು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಕೂಡ ತೇರ್ಗಡೆಯಾಗದ ಈ ವ್ಯಕ್ತಿ ಅಂಥ ವಿದ್ಯೆಗಾಗಿಯೇ ಒಂದು ಸಂಸ್ಥೆಯನ್ನು ಕಟ್ಟಿ, ಬಾಳಿನ ಕೊನೆಯವರೆಗೂ ಅಲ್ಲಿ ಗುರುವಾಗಿ ಕುಳಿತರು. ಅದು ಹೇಗೆ ಸಾಧ್ಯವಾಯಿತು ಎಂಬುದೇ ಅವರ ಜೀವನದ ಕಥೆ.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಎಂಬುದು ಅವರ ಪೂರ್ಣ ಹೆಸರು. ತಂದೆ ವೆಂಕಟರಮಣಯ್ಯನವರು ಶಾಲಾ ಉಪಾಧ್ಯಾಯರು. ತಾಯಿ ಅಲಮೇಲಮ್ಮ. ಮನೆಯಲ್ಲಿ ಸಿರಿತನವಿರಲಿಲ್ಲ, ಆದರೆ ಶಾಸ್ತ್ರ, ಪುರಾಣ, ಸಂಗೀತಗಳ ವಾತಾವರಣವಿತ್ತು. ಮುಳಬಾಗಿಲಿನಲ್ಲಿ ಆರಂಭದ ವಿದ್ಯಾಭ್ಯಾಸವನ್ನು ಮುಗಿಸಿ ಬಾಲಕ ಗುಂಡಪ್ಪನು ಮೈಸೂರಿಗೆ ಹೋಗಿ ಮಹಾರಾಜಾ ಹೈಸ್ಕೂಲನ್ನು ಸೇರಿದನು. ಅಲ್ಲಿಂದ ಹಿಂದಿರುಗಿ ಕೋಲಾರದಲ್ಲಿ ಓದನ್ನು ಮುಂದುವರಿಸಿದನು. ಆದರೆ ಮೆಟ್ರಿಕ್ಯುಲೇಷನ್ ಪರೀಕ್ಷೆ ಕೈಗೂಡಲಿಲ್ಲ. ಆ ಕಾಲದಲ್ಲಿ ಆ ಪರೀಕ್ಷೆಯೇ ಸರ್ಕಾರಿ ಉದ್ಯೋಗದ ಹೆಬ್ಬಾಗಿಲು. ಬಾಗಿಲು ಮುಚ್ಚಿತೆಂದು ಊರವರು ಭಾವಿಸಿದ್ದರೆ ಆಶ್ಚರ್ಯವಿಲ್ಲ.

ಹೊಟ್ಟೆಪಾಡಿಗಾಗಿ ತರುಣ ಗುಂಡಪ್ಪನವರು ಕೋಲಾರದ ಚಿನ್ನದ ಗಣಿಯ ಪ್ರದೇಶಕ್ಕೆ ಹೋದರು. ಅಲ್ಲಿ ಸ್ವಲ್ಪ ಕಾಲ ಒಂದು ಸೋಡಾ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಆಗ ಚಿನ್ನದ ಗಣಿಗಳು ತಮ್ಮ ಏಳಿಗೆಯ ದಿನಗಳಲ್ಲಿದ್ದುವು. 1880ರ ಸುಮಾರಿಗೆ ಇಂಗ್ಲೆಂಡಿನ ಜಾನ್ ಟೇಲರ್ ಕಂಪೆನಿಯು ಅಲ್ಲಿ ಕಾಲಿಟ್ಟಿತ್ತು. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು ನೂರೈವತ್ತು ಕಿಲೋಮೀಟರ್ ದೂರ ತಂತಿಯೆಳೆದು ಮೊಟ್ಟಮೊದಲು ವಿದ್ಯುಚ್ಛಕ್ತಿಯನ್ನು ಒದಗಿಸಿದ್ದು ಈ ಗಣಿಗಳಿಗೇ.

ಅರ್ಥಶಾಸ್ತ್ರವನ್ನು ಕಲಿಯುವವನಿಗೆ ಚಿನ್ನದ ಗಣಿಗಿಂತ ಮಿಗಿಲಾದ ಪಾಠಶಾಲೆ ಬೇಕೆ? ಲಂಡನ್ನಿನಲ್ಲಿದ್ದ ಷೇರುದಾರನಿಗೆ ಆ ಗಣಿಯೆಂದರೆ ಲಾಭಾಂಶ. ಮೈಸೂರು ಸರ್ಕಾರಕ್ಕೆ ಅದು ಬೊಕ್ಕಸಕ್ಕೆ ಬರುವ ರಾಜಧನ. ಸುತ್ತಲಿನ ಪೇಟೆಯ ವರ್ತಕನಿಗೆ ಅದು ವ್ಯಾಪಾರ. ತಮಿಳು, ತೆಲುಗು ಸೀಮೆಗಳಿಂದ ಬಂದು ನೆಲದಡಿಯ ಕತ್ತಲೆಗೆ ಇಳಿಯುತ್ತಿದ್ದ ಕೂಲಿಗಾರನಿಗೆ ಅದು ಅಂದಿನ ಅನ್ನ. ಬಂಡೆ ಸಿಡಿದರೆ ಅಂದಿನ ಮರಣ. ಗಣಿ ಒಂದೇ, ಅದರ ಲೆಕ್ಕವನ್ನು ಯಾರ ಪುಸ್ತಕದಲ್ಲಿ ಬರೆದಿದೆ ಎಂಬುದರ ಮೇಲೆ ಲಾಭನಷ್ಟಗಳ ಅರ್ಥ ಬೇರೆಯಾಗುತ್ತದೆ. 1956ರಲ್ಲಿ ಗಣಿಗಳು ಸರ್ಕಾರದ ವಶವಾದುವು, 2001ರಲ್ಲಿ ಮುಚ್ಚಿಹೋದುವು. ಆಗಲೂ ಹಾಗೆಯೇ ಆಯಿತು. ಅದಿರಿನಲ್ಲಿ ಚಿನ್ನ ಕಡಿಮೆಯಾಯಿತು, ತೆಗೆಯುವ ವೆಚ್ಚ ಹೆಚ್ಚಿತು ಎಂದು ಲೆಕ್ಕಪತ್ರ ಹೇಳಿತು. ಕೆಲಸ ಕಳೆದುಕೊಂಡ ಸಂಸಾರಗಳ ಲೆಕ್ಕ ಬೇರೆಯೇ ಆಗಿತ್ತು.

ಗಣಿ ಪ್ರದೇಶದಿಂದ ಗುಂಡಪ್ಪನವರು ಬೆಂಗಳೂರಿಗೆ ಬಂದರು. ಅಲ್ಲಿ ಜಟಕಾ ಬಂಡಿಗಳಿಗೆ ಬಣ್ಣ ಹಾಕುವ ಕಾರ್ಖಾನೆಯೊಂದರಲ್ಲಿಯೂ ಕೆಲಸ ಮಾಡಿದರು. ಕೊನೆಗೆ ವೃತ್ತಪತ್ರಿಕೆಗಳು ಅವರನ್ನು ಸೆಳೆದುಕೊಂಡುವು. ಶಾಲೆ ಕೊಡದ ಶಿಕ್ಷಣವನ್ನು ಪತ್ರಿಕಾಲಯ ಕೊಟ್ಟಿತು. ಸರ್ಕಾರದ ವರದಿಗಳು, ಜಮಾ ಖರ್ಚಿನ ತಖ್ತೆಗಳು, ಇಂಗ್ಲೆಂಡಿನ ರಾಜ್ಯಶಾಸ್ತ್ರಜ್ಞರ ಗ್ರಂಥಗಳು ಇವೆಲ್ಲವನ್ನೂ ಅವರು ತಾವೇ ಓದಿಕೊಂಡರು. ಗುರುವಿಲ್ಲದೆ ಕಲಿತವನಿಗೆ ಒಂದು ಅಪಾಯವುಂಟು. ಮೊದಲು ಓದಿದ ಪುಸ್ತಕವೇ ಪರಮ ಸತ್ಯವೆಂದು ಅವನು ನಂಬಿಬಿಡಬಹುದು. ಗುಂಡಪ್ಪನವರು ಆ ಅಪಾಯದಿಂದ ಪಾರಾದದ್ದು ಒಂದು ಪುಸ್ತಕದ ಎದುರಿಗೆ ಇನ್ನೊಂದನ್ನು ಇಟ್ಟು ಓದುವ ಅಭ್ಯಾಸದಿಂದ.

ಪತ್ರಿಕೋದ್ಯಮ ಅಂದು ಹೂವಿನ ಹಾಸಿಗೆಯಾಗಿರಲಿಲ್ಲ. 1908ರಲ್ಲಿ ಮೈಸೂರು ಸರ್ಕಾರವು ಪತ್ರಿಕೆಗಳನ್ನು ಅಂಕೆಯಲ್ಲಿಡುವ ಕಾನೂನನ್ನು ತಂದಿತು. ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ನಡೆಸುವಂತಿರಲಿಲ್ಲ. ಹಿರಿಯ ಪತ್ರಕರ್ತರಾದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟನೆಯಾಗಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಸರ್ಕಾರ ಮಾಡಿದ ಕೆಲಸದ ಇನ್ನೊಂದು ಮಗ್ಗುಲನ್ನು ತೋರಿಸುವುದು ಎಷ್ಟು ಕಷ್ಟದ ಕೆಲಸವೆಂಬುದು ಇಪ್ಪತ್ತೊಂದರ ತರುಣರಾದ ಗುಂಡಪ್ಪನವರಿಗೆ ಆಗಲೇ ಮನದಟ್ಟಾಯಿತು. ಆದರೂ ಅವರು ಆ ದಾರಿಯನ್ನು ಬಿಡಲಿಲ್ಲ. 1913ರಲ್ಲಿ ‘ಕರ್ನಾಟಕ’ ಎಂಬ ಹೆಸರಿನಲ್ಲಿ ವಾರಕ್ಕೆ ಎರಡು ಬಾರಿ ಹೊರಬರುವ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು.

ಅದರ ಹಿಂದಿನ ವರ್ಷ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದರು. ಅಂದು ಕೋಲಾರ ಜಿಲ್ಲೆಗೆ ಸೇರಿದ್ದ, ಇಂದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಮುದ್ದೇನಹಳ್ಳಿ ಅವರ ಹುಟ್ಟೂರು. ನಾಡಿನ ಬಡತನಕ್ಕೆ ಕೈಗಾರಿಕೆ ಮತ್ತು ವಿದ್ಯೆಯೇ ಮದ್ದೆಂದು ಅವರು ನಂಬಿದ್ದರು. ದಿವಾನರಾಗುವ ಮೊದಲೇ, 1911ರಲ್ಲಿ, ಅವರ ಪ್ರೇರಣೆಯಿಂದ ಸಂಪದಭ್ಯುದಯ ಸಮಾಜ ಸ್ಥಾಪಿತವಾಗಿತ್ತು. ವ್ಯವಸಾಯ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಈ ವಿಷಯಗಳನ್ನು ಅಧಿಕಾರಿಗಳೂ ಪ್ರಜೆಗಳೂ ಒಟ್ಟಿಗೆ ಕುಳಿತು ಚರ್ಚಿಸಬೇಕೆಂಬುದು ಅದರ ಗುರಿ. ನಾಡಿನ ಆರ್ಥಿಕ ವಿಚಾರ ಹೀಗೆ ಕಚೇರಿಯ ಕೋಣೆಯಿಂದ ಹೊರಗೆ ಬಂತು.

ಗುಂಡಪ್ಪನವರು ವಿಶ್ವೇಶ್ವರಯ್ಯನವರನ್ನು ಹೃತ್ಪೂರ್ವಕವಾಗಿ ಗೌರವಿಸುತ್ತಿದ್ದರು. ದಿವಾನರೂ ಈ ತರುಣ ಸಂಪಾದಕನ ಮಾತಿಗೆ ಬೆಲೆ ಕೊಡುತ್ತಿದ್ದರು. ಆದರೆ ಗೌರವವೆಂದರೆ ಎಲ್ಲಕ್ಕೂ ತಲೆಯಾಡಿಸುವುದಲ್ಲ. ನಾಡು ಸಿರಿವಂತವಾದರೆ ಸಾಲದು. ಆ ಸಿರಿಯ ವಿನಿಯೋಗವನ್ನು ಪ್ರಶ್ನಿಸುವ ಅಧಿಕಾರ ಪ್ರಜೆಗಳಿಗೆ ಬರಬೇಕು, ಸರ್ಕಾರ ಪ್ರಜಾಪ್ರತಿನಿಧಿಗಳಿಗೆ ಹೊಣೆಯಾಗಬೇಕು ಎಂದು ಗುಂಡಪ್ಪನವರು ಪ್ರತಿಪಾದಿಸುತ್ತ ಬಂದರು. ಕಾರ್ಖಾನೆಯ ಹೊಗೆಗೊಳವೆ ಎಷ್ಟು ಮುಖ್ಯವೋ ಸಭೆಯಲ್ಲಿ ಏಳುವ ಪ್ರಶ್ನೆಯೂ ಅಷ್ಟೇ ಮುಖ್ಯವೆಂಬುದು ಅವರ ನಿಲುವು.

ಈ ಸ್ವಾತಂತ್ರ್ಯಕ್ಕೆ ಅವರು ತೆತ್ತ ಬೆಲೆ ಕಡಿಮೆಯಲ್ಲ. ಪತ್ರಿಕೆಯಿಂದ ಬರುತ್ತಿದ್ದ ವರಮಾನ ಅಲ್ಪ. ಸರ್ಕಾರದಿಂದ ಹಣ ಪಡೆದರೆ ಲೇಖನಿ ಹಗುರವಾಗುತ್ತದೆಂದು ಅವರು ಅಂಜುತ್ತಿದ್ದರು. ಸಾರ್ವಜನಿಕ ಕೆಲಸಕ್ಕಾಗಿ ತಮ್ಮ ಹೆಸರಿಗೆ ಬಂದ ಎಷ್ಟೋ ಚೆಕ್ಕುಗಳನ್ನು ಅವರು ನಗದು ಮಾಡಿಸಲೇ ಇಲ್ಲವೆಂದೂ ಅವರ ಕಾಲಾನಂತರ ಅವು ಪೆಟ್ಟಿಗೆಯಲ್ಲಿ ಹಾಗೆಯೇ ಸಿಕ್ಕಿದುವೆಂದೂ ಅವರನ್ನು ಬಲ್ಲವರು ಹೇಳುತ್ತಾರೆ. ಮನೆಯ ಕಷ್ಟವನ್ನು ಪತ್ನಿ ಭಾಗೀರಥಮ್ಮನವರು ಮೌನವಾಗಿ ಹೊತ್ತರು. ಬಂಧುಗಳ ಮನೆಯ ಸಮಾರಂಭವೊಂದಕ್ಕೆ ಉಟ್ಟುಹೋಗಲು ಒಳ್ಳೆಯ ಸೀರೆಯಿಲ್ಲದೆ, ಹರಕು ಸೀರೆಯನ್ನು ಕಂಡವರು ಗಂಡನ ಹೆಸರಿಗೆ ಕುಂದು ತಂದಾರೆಂದು, ಅವರು ಮನೆಯಲ್ಲೇ ಉಳಿದ ಪ್ರಸಂಗವನ್ನು ಇಂದಿಗೂ ಜನ ನೆನೆಯುತ್ತಾರೆ. 1924ರಲ್ಲಿ ಆ ಸಾಧ್ವಿ ತೀರಿಕೊಂಡರು. ಗುಂಡಪ್ಪನವರು ಮತ್ತೆ ಮದುವೆಯಾಗಲಿಲ್ಲ. ಇವರ ಮಗ ಬಿ. ಜಿ. ಎಲ್. ಸ್ವಾಮಿಯವರು ಮುಂದೆ ಹೆಸರಾಂತ ಸಸ್ಯವಿಜ್ಞಾನಿಯೂ ಲೇಖಕರೂ ಆದರು.

ಸಾರ್ವಜನಿಕ ಜೀವನದಲ್ಲಿ ಗುಂಡಪ್ಪನವರಿಗೆ ಆದರ್ಶವಾಗಿದ್ದವರು ಗೋಪಾಲಕೃಷ್ಣ ಗೋಖಲೆ. ಅವರ ಜೀವನಚರಿತ್ರೆಯನ್ನು ಗುಂಡಪ್ಪನವರು ಕನ್ನಡದಲ್ಲಿ ಬರೆದರು. ಗೋಖಲೆಯವರನ್ನೇ ಏಕೆ ಆರಿಸಿಕೊಂಡರು ಎಂಬುದನ್ನು ತಿಳಿಯಲು ಗೋಖಲೆಯವರು ಅರ್ಥಶಾಸ್ತ್ರವನ್ನು ಕಲಿತ ಬಗೆಯನ್ನೂ ಬಳಸಿದ ಬಗೆಯನ್ನೂ ನೋಡಬೇಕು.

ಗೋಖಲೆಯವರ ಗುರು ಮಹಾದೇವ ಗೋವಿಂದ ರಾನಡೆ. 1892ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಮಾಡಿದ ಭಾಷಣದಲ್ಲಿ ರಾನಡೆಯವರು ಒಂದು ಹೊಸ ವಿಚಾರವನ್ನು ಮುಂದಿಟ್ಟರು. ಇಂಗ್ಲೆಂಡಿನ ಪಂಡಿತರು ಬರೆದ ಅರ್ಥಶಾಸ್ತ್ರದ ಸೂತ್ರಗಳು ಇಂಗ್ಲೆಂಡಿನ ಪರಿಸ್ಥಿತಿಯಿಂದ ಹುಟ್ಟಿದವು. ಸರ್ಕಾರ ವ್ಯಾಪಾರದಲ್ಲಿ ಕೈಹಾಕಬಾರದೆಂಬ ಸೂತ್ರ ಬಲಿಷ್ಠವಾದ ಕೈಗಾರಿಕೆಯುಳ್ಳ ದೇಶಕ್ಕೆ ಒಪ್ಪಬಹುದು. ಬಂಡವಾಳವೂ ಇಲ್ಲದೆ ಕೈಗಾರಿಕೆಯೂ ಇಲ್ಲದೆ ನೆಲವನ್ನೇ ನಂಬಿರುವ ದೇಶಕ್ಕೆ ಒಪ್ಪದಿರಬಹುದು. ಜರ್ಮನಿಯಲ್ಲಿ ಬೇರೆ ಬಗೆಯ ವಿಚಾರಗಳೂ ಇವೆ. ಎಲ್ಲವನ್ನೂ ಓದಿ, ನಮ್ಮ ದೇಶದ ಸ್ಥಿತಿಗೆ ಹೊಂದಿಸಿ ನೋಡಬೇಕು. ಇದು ಅವರ ವಾದದ ಸಾರ. ಪಾಠಪುಸ್ತಕವನ್ನು ಬಾಯಿಪಾಠ ಮಾಡುತ್ತಿದ್ದ ಕಾಲದಲ್ಲಿ ಪಾಠಪುಸ್ತಕವನ್ನೇ ಪ್ರಶ್ನಿಸಬಹುದೆಂದು ತೋರಿಸಿಕೊಟ್ಟ ಮಾತು ಅದು.

ಗೋಖಲೆಯವರು ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಗಣಿತ, ಇತಿಹಾಸ, ಅರ್ಥಶಾಸ್ತ್ರಗಳನ್ನು ಪಾಠ ಹೇಳಿದವರು. ಅಂಕಗಣಿತದ ಪಠ್ಯಪುಸ್ತಕವನ್ನು ಬರೆದವರು. ರಾನಡೆಯವರ ಬಳಿ ಕುಳಿತು ಸರ್ಕಾರದ ವರದಿಗಳನ್ನು ಓದುವಾಗ ಒಂದು ಅಂಕಿಯೂ ಪರೀಕ್ಷೆಯಿಲ್ಲದೆ ದಾಟುವಂತಿರಲಿಲ್ಲ. 1897ರಲ್ಲಿ ಮೂವತ್ತರ ಹರೆಯದ ಗೋಖಲೆಯವರು ಲಂಡನ್ನಿಗೆ ಹೋಗಿ, ಭಾರತದ ವೆಚ್ಚವನ್ನು ವಿಚಾರಿಸುತ್ತಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ನುಡಿದರು. ಅನುಭವಿಗಳಾದ ಸದಸ್ಯರು ಹಾಕಿದ ಅಡ್ಡಸವಾಲುಗಳಿಗೆ ಅವರು ಅಂಕಿಅಂಶಗಳಿಂದ ಉತ್ತರ ಕೊಟ್ಟರು.

ಅದೇ ಪ್ರವಾಸದಲ್ಲಿ ಅವರಿಗೆ ಒಂದು ಕಹಿ ಅನುಭವವೂ ಆಯಿತು. ಪುಣೆಯಲ್ಲಿ ಪ್ಲೇಗು ಹರಡಿದಾಗ ಸಿಪಾಯಿಗಳು ಅತ್ಯಾಚಾರ ನಡೆಸಿದರೆಂದು ಮಿತ್ರರ ಪತ್ರಗಳಿಂದ ತಿಳಿದು ಅವರು ಅದನ್ನು ಲಂಡನ್ನಿನಲ್ಲಿ ಬಹಿರಂಗವಾಗಿ ಹೇಳಿದರು. ಹಿಂದಿರುಗಿದ ಮೇಲೆ ಅದನ್ನು ಸಿದ್ಧಪಡಿಸಲು ಸಾಕ್ಷಿಗಳು ದೊರೆಯಲಿಲ್ಲ. ಆಗ ಅವರು ಬಹಿರಂಗವಾಗಿಯೇ ಕ್ಷಮೆ ಕೇಳಿದರು. ದೇಶದ ಮಾನ ಕಳೆದರೆಂದು ಅನೇಕರು ಅವರನ್ನು ಹಳಿದರು. ಆದರೆ ಸಾಧಿಸಲಾಗದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯವೂ ವಿಚಾರವಂತನ ಗುಣವೆಂಬುದನ್ನು ಆ ಪ್ರಸಂಗ ತೋರಿಸಿತು.

ಐದು ವರ್ಷಗಳ ಬಳಿಕ, 1902ರಲ್ಲಿ, ವೈಸರಾಯರ ಶಾಸನಸಭೆಯಲ್ಲಿ ಗೋಖಲೆಯವರು ಮಾಡಿದ ಆಯವ್ಯಯ ಭಾಷಣ ಇತಿಹಾಸಪ್ರಸಿದ್ಧವಾಯಿತು. ಆ ಕೆಲವು ವರ್ಷಗಳಿಂದ ಸರ್ಕಾರದ ಬೊಕ್ಕಸದಲ್ಲಿ ವೆಚ್ಚ ಕಳೆದು ಹಣ ಮಿಗುತ್ತಿತ್ತು. ಬೊಕ್ಕಸದಲ್ಲಿ ಹಣ ಮಿಕ್ಕಿದರೆ ದೇಶ ಸುಭಿಕ್ಷವಾಗಿದೆ ಎಂದರ್ಥ ಎಂದು ಅಧಿಕಾರಿಗಳು ಹಿಗ್ಗಿದರು. ಸಭೆಯೂ ಒಪ್ಪುವಂತಿತ್ತು. ಗೋಖಲೆಯವರು ಅದೇ ಅಂಕಿಗಳನ್ನು ಕೈಗೆತ್ತಿಕೊಂಡು ಬೇರೊಂದು ಪ್ರಶ್ನೆ ಕೇಳಿದರು. 1896ರಿಂದ ಈಚೆಗೆ ಎರಡು ಭೀಕರ ಕ್ಷಾಮಗಳು ದೇಶವನ್ನು ಹಿಂಡಿವೆ. ಜನ ಹಸಿವಿನಿಂದ ಸತ್ತಿದ್ದಾರೆ. ಅಂಥ ಕಾಲದಲ್ಲಿ ಬೊಕ್ಕಸ ತುಂಬಿದ್ದು ಹೇಗೆ? ಸರ್ಕಾರವು ರೂಪಾಯಿಯ ವಿನಿಮಯ ಬೆಲೆಯನ್ನು ಏರಿಸಿದ್ದರಿಂದ ಇಂಗ್ಲೆಂಡಿಗೆ ಕಳುಹಿಸಬೇಕಾದ ಹಣದ ಹೊರೆ ಇಳಿಯಿತು. ಆದರೆ ಆ ಹೊರೆಗಾಗಿ ಹಾಕಿದ ತೆರಿಗೆಗಳು ಇಳಿಯಲಿಲ್ಲ. ಆದ್ದರಿಂದ ಮಿಕ್ಕ ಹಣ ಜನರ ಸಿರಿಯ ಗುರುತಲ್ಲ, ಅಗತ್ಯಕ್ಕೆ ಮೀರಿ ಎತ್ತಿದ ತೆರಿಗೆಯ ಗುರುತು ಎಂದು ಅವರು ತೋರಿಸಿಕೊಟ್ಟರು. ಬಡವನ ಗಂಜಿಗೂ ಬೇಕಾದ ಉಪ್ಪಿನ ಮೇಲಣ ತೆರಿಗೆಯನ್ನು ಇಳಿಸಬೇಕೆಂದು ಕೇಳಿದರು. ಮರುವರ್ಷ, 1903ರಲ್ಲಿ, ಮಣಕ್ಕೆ ಎರಡೂವರೆ ರೂಪಾಯಿಯಿದ್ದ ಉಪ್ಪಿನ ತೆರಿಗೆ ಎರಡು ರೂಪಾಯಿಗೆ ಇಳಿಯಿತು. ಮುಂದಿನ ವರ್ಷಗಳಲ್ಲಿ ಇನ್ನೂ ಇಳಿಯಿತು.

ಅಂಕಿ ಬದಲಾಗಲಿಲ್ಲ. ನೋಡುವ ಸ್ಥಾನ ಬದಲಾಯಿತು. ಬೊಕ್ಕಸದ ಬಾಗಿಲಲ್ಲಿ ನಿಂತು ನೋಡಿದಾಗ ಕಂಡದ್ದು ಒಂದು. ಉಪ್ಪು ಕೊಳ್ಳುವವನ ಗುಡಿಸಲ ಬಾಗಿಲಲ್ಲಿ ನಿಂತು ನೋಡಿದಾಗ ಕಂಡದ್ದು ಇನ್ನೊಂದು. ಎರಡೂ ಕಡೆ ನಿಂತು ನೋಡಿದವನಿಗೆ ಮಾತ್ರ ಪೂರ್ಣ ಸತ್ಯ ಕಾಣುತ್ತದೆ. ರಾನಡೆಯವರಿಂದ ಗೋಖಲೆಯವರಿಗೆ ಬಂದ ಈ ವಿದ್ಯೆಯನ್ನೇ ಗುಂಡಪ್ಪನವರು ಕನ್ನಡ ನಾಡಿಗೆ ತರಲು ಬಯಸಿದರು.

1926ರಿಂದ 1940ರವರೆಗೆ ಅವರು ಮೈಸೂರು ನ್ಯಾಯವಿಧಾಯಕ ಸಭೆಯ ಸದಸ್ಯರಾಗಿದ್ದರು. ಮೈಸೂರಿನ ಆಯವ್ಯಯವನ್ನು ಪ್ರಜಾಪ್ರತಿನಿಧಿಗಳು ಚರ್ಚಿಸುವ ಹಕ್ಕು 1923ರ ಸುಧಾರಣೆಗಳಿಂದ ಬಲಗೊಂಡಿತ್ತು. ಆ ಕಾಲದಲ್ಲಿ ನಾಡಿನ ಮುಂದೆ ಎರಡು ದಾರಿಗಳು ಕಾಣುತ್ತಿದ್ದುವು. ಒಂದು ವಿಶ್ವೇಶ್ವರಯ್ಯನವರ ದಾರಿ: ದೊಡ್ಡ ಯಂತ್ರ, ದೊಡ್ಡ ಬಂಡವಾಳ, ಯೋಜನೆ. 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಅದರ ಕುರುಹು. ಇನ್ನೊಂದು ಗಾಂಧೀಜಿಯವರ ದಾರಿ: ಚರಕ, ಕೈಮಗ್ಗ, ಹಳ್ಳಿಯ ಸ್ವಾವಲಂಬನೆ. ನಂಜನಗೂಡಿನ ಬಳಿಯ ಬದನವಾಳಿನಲ್ಲಿ ನೂಲುತ್ತಿದ್ದ ಹೆಣ್ಣುಮಕ್ಕಳು ಅದರ ಕುರುಹು. ಕಾರ್ಖಾನೆ ಮೊದಲ ವರ್ಷಗಳಲ್ಲಿ ನಷ್ಟ ಅನುಭವಿಸಿತು. ಜನರ ಹಣ ಕರಗುತ್ತಿದೆ ಎಂದು ಕೆಲವರು, ಕಾದರೆ ಫಲವುಂಟು ಎಂದು ಕೆಲವರು. ಚರಕದಿಂದ ಬರುವ ಕೂಲಿ ಅಲ್ಪವೆಂದು ಕೆಲವರು, ಏನೂ ಇಲ್ಲದವರಿಗೆ ಅದೇ ಆಧಾರವೆಂದು ಕೆಲವರು. ಒಂದನ್ನು ಹೊಗಳಿ ಇನ್ನೊಂದನ್ನು ತೆಗಳುವುದು ಸುಲಭ. ಯಾವುದು ಎಷ್ಟು ಜನಕ್ಕೆ, ಎಷ್ಟು ಕಾಲದಲ್ಲಿ, ಯಾರ ವೆಚ್ಚದಲ್ಲಿ ಉಪಕಾರವಾದೀತು ಎಂದು ತೂಗಿ ನೋಡುವುದು ಕಷ್ಟ. ಪ್ರಜಾಪ್ರಭುತ್ವಕ್ಕೆ ಬೇಕಾದದ್ದು ಈ ಕಷ್ಟದ ಅಭ್ಯಾಸವೇ.

ಆ ಅಭ್ಯಾಸವನ್ನು ಜನರಲ್ಲಿ ಬೆಳೆಸುವವರು ಯಾರು? ರಾಜಕೀಯ ಪಕ್ಷಗಳು ತಮ್ಮ ಕಡೆಯ ಮಾತನ್ನೇ ಹೇಳುತ್ತವೆ. ಸರ್ಕಾರ ತನ್ನನ್ನು ಸಮರ್ಥಿಸಿಕೊಳ್ಳುತ್ತದೆ. ಕಾಲೇಜಿನ ಪಾಠ ಪರೀಕ್ಷೆಗೆ ಮುಗಿಯುತ್ತದೆ. ಸ್ವಾತಂತ್ರ್ಯ ಹೊಸ್ತಿಲಲ್ಲಿ ನಿಂತಿದ್ದ 1945ರಲ್ಲಿ ಗುಂಡಪ್ಪನವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಬಸವನಗುಡಿಯ ಸಮೀಪದ ನರಸಿಂಹರಾಜ ಕಾಲೋನಿಯಲ್ಲಿ ಅದು ನೆಲೆಗೊಂಡಿತು. ಯಾವ ಪಕ್ಷಕ್ಕೂ ಅದು ಸೇರಿದ್ದಲ್ಲ. ಆದರೆ ಎಲ್ಲ ಪಕ್ಷದವರ ಮಾತಿಗೂ ಅಲ್ಲಿ ಎಡೆಯುಂಟು. ಪುಸ್ತಕಭಂಡಾರ, ಉಪನ್ಯಾಸ, ಅಧ್ಯಯನಗೋಷ್ಠಿ, ಸಾರ್ವಜನಿಕ ವಿಚಾರಗಳಿಗೆ ಮೀಸಲಾದ ಇಂಗ್ಲಿಷ್ ಪತ್ರಿಕೆ ಇವು ಅದರ ಸಾಧನಗಳು. ಇನ್ನೈದಾರು ವರ್ಷಗಳಲ್ಲಿ ದೇಶಕ್ಕೆ ಸಂವಿಧಾನ ಬಂತು, ವಯಸ್ಕರೆಲ್ಲರಿಗೂ ಮತದಾನದ ಹಕ್ಕು ಬಂತು, 1951ರಲ್ಲಿ ಪಂಚವಾರ್ಷಿಕ ಯೋಜನೆಯೂ ಆರಂಭವಾಯಿತು. ದೇಶದ ಹಣದ ಬಗೆಗೆ ತೀರ್ಪು ಹೇಳುವ ಭಾರ ಕೋಟ್ಯಂತರ ಮತದಾರರ ಮೇಲೆ ಬಿತ್ತು. ಗುಂಡಪ್ಪನವರ ಸಂಸ್ಥೆ ಎಷ್ಟು ಸಕಾಲದಲ್ಲಿ ಹುಟ್ಟಿತೆಂಬುದು ಇದರಿಂದ ತಿಳಿಯುತ್ತದೆ.

ಅವರು ಬಯಸಿದ ವಿಚಾರಕ್ರಮವನ್ನು ನಾಲ್ಕು ಮೆಟ್ಟಿಲುಗಳಾಗಿ ತಿಳಿದುಕೊಳ್ಳಬಹುದು. ಮೊದಲನೆಯದು ಸಂಗತಿಯ ಸಂಗ್ರಹ. ವರದಿಯನ್ನು ಓದದೆ ಅಭಿಪ್ರಾಯ ಹೇಳಬಾರದು. ಎರಡನೆಯದು ಪರಪಕ್ಷದ ಶ್ರವಣ. ಎದುರಾಳಿಯ ವಾದವನ್ನು ಅವನೇ ಮೆಚ್ಚುವಷ್ಟು ಚೆನ್ನಾಗಿ ತಿಳಿಯಬೇಕು. ನಮ್ಮ ಪ್ರಾಚೀನ ಶಾಸ್ತ್ರಕಾರರು ಪೂರ್ವಪಕ್ಷವನ್ನು ಮೊದಲು ವಿವರಿಸಿ ಆಮೇಲೆ ಸಿದ್ಧಾಂತಕ್ಕೆ ಬರುತ್ತಿದ್ದರಷ್ಟೆ. ಮೂರನೆಯದು ತೂಕ, ತನ್ನ ಜಾತಿ, ತನ್ನ ಊರು, ತನ್ನ ಲಾಭ ಇವನ್ನು ತಕ್ಕಡಿಯ ತಟ್ಟೆಯಲ್ಲಿ ಕದ್ದು ಇಡಬಾರದು. ನಾಲ್ಕನೆಯದು ನಿರ್ಣಯ. ಎಲ್ಲರ ಮಾತನ್ನೂ ಕೇಳಿದೆನೆಂದು ಸುಮ್ಮನೆ ಕುಳಿತರೆ ಅದು ವಿವೇಕವಲ್ಲ, ಹೇಡಿತನ. ತೀರ್ಮಾನಿಸಿ ಹೇಳಬೇಕು; ಹೊಸ ಸಂಗತಿ ಬೆಳಕಿಗೆ ಬಂದರೆ ನಾಚಿಕೆಯಿಲ್ಲದೆ ತಿದ್ದಿಕೊಳ್ಳಬೇಕು.

ಈ ವಿಶಾಲದೃಷ್ಟಿ ಅವರ ಸಾಹಿತ್ಯದಲ್ಲಿಯೂ ಕಾಣುತ್ತದೆ. 1943ರಲ್ಲಿ ಪ್ರಕಟವಾದ ‘ಮಂಕುತಿಮ್ಮನ ಕಗ್ಗ’ದಲ್ಲಿ ಅವರು ಬದುಕಿನ ಒಗಟನ್ನು ಹತ್ತಾರು ಕಡೆಯಿಂದ ತಿರುಗಿಸಿ ನೋಡಿದರು. ಎಂಟು ಸಂಪುಟಗಳ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ದಿವಾನರಿಗೆ ಇರುವಷ್ಟೇ ಗೌರವದ ಸ್ಥಾನ ಸಾಮಾನ್ಯ ಜನಕ್ಕೂ ಇದೆ. ಪತ್ರಿಕಾವೃತ್ತಿ, ರಾಜ್ಯಶಾಸ್ತ್ರಗಳ ಮೇಲೂ ಅವರು ಕನ್ನಡದಲ್ಲಿ ಗ್ರಂಥಗಳನ್ನು ಬರೆದರು. ಇಂಗ್ಲಿಷ್ ಬಲ್ಲವರ ಸೊತ್ತಾಗಿದ್ದ ವಿಚಾರಗಳು ಹಾಗೆ ಕನ್ನಡಿಗರ ಮನೆಗೆ ಬಂದುವು.

ಗುಂಡಪ್ಪನವರೇ ಕಲಿಸಿದ ಕ್ರಮದಿಂದ ಅವರ ಕಾರ್ಯವನ್ನೂ ಪರೀಕ್ಷಿಸುವುದು ನ್ಯಾಯ. ಸಂಸ್ಥೆಯಿದ್ದದ್ದು ರಾಜಧಾನಿಯಲ್ಲಿ, ಅದರ ಪತ್ರಿಕೆ ಇಂಗ್ಲಿಷಿನಲ್ಲಿ. ಉಪನ್ಯಾಸಗಳನ್ನು ಕೇಳಬಲ್ಲವರು ಬಹುಮಟ್ಟಿಗೆ ನಗರದ ವಿದ್ಯಾವಂತರು. ಗಣಿಯ ಕೂಲಿಗಾರನೂ ಹೊಲದ ಹೆಣ್ಣಾಳೂ ಆ ಗೋಷ್ಠಿಯಲ್ಲಿ ಕುಳಿತು ತಮ್ಮ ಕಡೆಯ ಲೆಕ್ಕವನ್ನು ತಾವೇ ಹೇಳುವ ದಿನ ಬರಬೇಕಾಗಿತ್ತು. ಇದು ಅವರ ಕೆಲಸದ ಕುಂದೆನ್ನುವುದಕ್ಕಿಂತ ಅವರು ಮುಂದಿನವರಿಗೆ ಉಳಿಸಿಹೋದ ಕೆಲಸವೆನ್ನುವುದು ಸರಿ.

ಗೌರವಗಳು ಅವರನ್ನು ತಾವಾಗಿಯೇ ಅರಸಿ ಬಂದುವು. 1932ರಲ್ಲಿ ಮಡಿಕೇರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. ಮೆಟ್ರಿಕ್ಯುಲೇಷನ್ನಿನಲ್ಲಿ ಮುಚ್ಚಿದ ಬಾಗಿಲು ಹೀಗೆ ಇನ್ನೊಂದು ಕಡೆಯಿಂದ ತೆರೆಯಿತು. 1967ರಲ್ಲಿ ಗೀತೆಯನ್ನು ಕುರಿತ ಅವರ ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. 1974ರಲ್ಲಿ ಭಾರತ ಸರ್ಕಾರ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು. 1970ರಲ್ಲಿ ಅಭಿಮಾನಿಗಳು ಬೆಂಗಳೂರಿನಲ್ಲಿ ಅವರನ್ನು ಸನ್ಮಾನಿಸಿ ಒಂದು ನಿಧಿಯನ್ನು ಅರ್ಪಿಸಿದರು. ಬಾಳೆಲ್ಲ ಬಡತನವನ್ನು ಕಂಡವರಿಗೆ ಅದು ದೊಡ್ಡ ಮೊತ್ತ. ಗುಂಡಪ್ಪನವರು ಅಷ್ಟನ್ನೂ ಗೋಖಲೆ ಸಂಸ್ಥೆಗೆ ಒಪ್ಪಿಸಿಬಿಟ್ಟರು. ಸಾರ್ವಜನಿಕರ ಹಣ ಸಾರ್ವಜನಿಕರ ವಿದ್ಯೆಗೇ ಹಿಂದಿರುಗಿತು. 1975ನೆಯ ಇಸವಿ ಅಕ್ಟೋಬರ್ 7ರಂದು, ಎಂಬತ್ತೆಂಟು ವರ್ಷಗಳ ತುಂಬು ಬಾಳನ್ನು ಬಾಳಿ ಅವರು ಕಣ್ಮುಚ್ಚಿದರು.

ಅವರು ಹುಟ್ಟಿದ ನಾಡು ಇಂದಿಗೂ ಪ್ರಶ್ನೆಗಳಿಂದ ತುಂಬಿದೆ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೇಟೊ ಬೆಲೆ ಒಂದು ವಾರ ಮುಗಿಲು ಮುಟ್ಟುತ್ತದೆ. ಇನ್ನೊಂದು ವಾರ ಕೀಳುವ ಕೂಲಿಯೂ ಹುಟ್ಟದೆ ಹಣ್ಣು ರಸ್ತೆಯ ಬದಿಗೆ ಬೀಳುತ್ತದೆ. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಫಸಲು ಹೆಚ್ಚಿದ ವರ್ಷವೇ ಬೆಳೆಗಾರನ ಮುಖ ಬಾಡುವುದುಂಟು. ಮಾಲೂರಿನ ಹೆಂಚು, ಇಟ್ಟಿಗೆಗಳು ಊರೂರಿನ ಮನೆಗಳನ್ನು ಕಟ್ಟಿವೆ. ಅವುಗಳಿಗೆ ಬೇಕಾದ ಮಣ್ಣು ಬರುವುದು ನೆಲದಿಂದಲೇ. ಮುಳಬಾಗಿಲಿನ ರೈತನು ಕೆರೆ ಬತ್ತಿತೆಂದು ಕೊಳವೆಬಾವಿ ತೋಡಿಸುತ್ತಾನೆ. ಅವನ ಬಾವಿ ಆಳವಾದಂತೆ ನೆರೆಯವನ ಬಾವಿ ಬತ್ತುತ್ತದೆ. ಇಲ್ಲಿ ತಪ್ಪು ಯಾರದು? ಪರಿಹಾರವೇನು? ರೈತ, ಮಂಡಿಯ ವರ್ತಕ, ಕೂಲಿಯವ, ಪಟ್ಟಣದಲ್ಲಿ ಕೊಳ್ಳುವವ ಇವರಲ್ಲಿ ಪ್ರತಿಯೊಬ್ಬನ ಬಳಿಯೂ ಸತ್ಯದ ಒಂದೊಂದು ತುಣುಕಿದೆ. ಒಬ್ಬನನ್ನೇ ಕೇಳಿ ತೀರ್ಪು ಕೊಟ್ಟವನು ಉಳಿದವರಿಗೆ ಅನ್ಯಾಯ ಮಾಡಿದಂತೆ.

ಮುಳಬಾಗಿಲಿನ ಉಪಾಧ್ಯಾಯರ ಮಗ ಇದನ್ನು ಪದವಿಯ ಬಲದಿಂದ ಕಲಿಯಲಿಲ್ಲ. ಓದಿನಿಂದ, ತಾಳ್ಮೆಯಿಂದ, ಪ್ರಾಮಾಣಿಕತೆಯಿಂದ ಕಲಿತನು. ಕಲಿತದ್ದನ್ನು ತನಗಾಗಿ ಮಾತ್ರ ಇಟ್ಟುಕೊಳ್ಳಲಿಲ್ಲ. ಮತ ಹಾಕುವ ಪ್ರತಿಯೊಬ್ಬನೂ ದೇಶದ ಬೊಕ್ಕಸದ ಒಡೆಯ. ಒಡೆಯನಾದವನು ಲೆಕ್ಕ ನೋಡಲು ಕಲಿಯಬೇಕು ಎಂಬುದೇ ಡಿ. ವಿ. ಜಿ. ಅವರ ಬಾಳು ನಮಗೆ ಕಲಿಸುವ ಪಾಠ.